ಛಾಯಾಚಿತ್ರಕಲೆಯ ವ್ಯಾಸಂಗ



ಗುಂಡಿಯನ್ನೊತ್ತಿದರೆ ಮೂಡುವ ಚಿತ್ರಕ್ಕೆ ವರ್ಷಗಟ್ಟಲೆ ವ್ಯಾಸಂಗವೇಕೆಂದು ಹೆತ್ತವರಾದ ನಾವು ಕೇಳುತ್ತೇವೆ. ಅಮೆರಿಕೆಯ ಸಾನ್ ಫ್ರಾನ್ಸಿಸ್ಕೋ ನಗರದ ಲಲಿತಕಲಾಶಾಲೆಯಲ್ಲಿ 1945-46ರಲ್ಲಿ ಆನ್ಸೆಲ್ ಆಡಮ್ಸ್ ಎಂಬ ಛಾಯಾಗ್ರಾಹಕರು ಇದಕ್ಕೆಂದೇ ಒಂದು ವಿಭಾಗವನ್ನು ತೆರೆದರು. ಕಪ್ಪಿನಿಂದ ಬಿಳುಪಿನವರೆಗಿನ ಛಾಯೆಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಅಳೆದು, ಗುಂಡಿಯೊತ್ತುವ ಮೊದಲೇ ಚಿತ್ರವನ್ನು ಮನಸ್ಸಿನಲ್ಲಿ ಕಾಣಬೇಕೆಂಬುದು ಅವರ ಬೋಧೆ. 2022ರಲ್ಲಿ ಆ ಶಾಲೆ ಮುಚ್ಚಿತು, ಬೋಧೆ ಉಳಿದಿದೆ.

ಪ್ರಾಸ ಕೂಡಿದ ಮಾತ್ರಕ್ಕೆ ಕಾವ್ಯವಾಗದು. ಬೆಳಕು ಬಿದ್ದ ಮಾತ್ರಕ್ಕೆ ಕಲೆಯಾಗದು. ಎರಡಕ್ಕೂ ಅಭ್ಯಾಸ ಬೇಕು, ಅಭ್ಯಾಸಕ್ಕೆ ಕಾಲ ಬೇಕು.

ಮಗನಾಗಲಿ ಮಗಳಾಗಲಿ ಈ ವಿದ್ಯೆಯನ್ನು ಬಯಸಿದಾಗ, ‘ಜೀವನೋಪಾಯವೇನು?’ ಎಂದು ನಾವು ಕೇಳಬಹುದು, ಕೇಳಲೇಬೇಕು. ‘ಇದೂ ಒಂದು ವಿದ್ಯೆಯೆ?’ ಎಂದು ಹಳಿಯುವುದು ಮಾತ್ರ ನಮಗೆ ತಕ್ಕುದಲ್ಲ.