ಹೆತ್ತವಳಿಗೆ ಇದ್ದದ್ದೇ?

(ಗಿರಣಿ ಕೆಲಸಗಾರರ ಸಭೆಯಲ್ಲಿ ಆಡಿದ ಮಾತುಗಳು)



ಕೂಲಿ, ಬೋನಸ್ಸುಗಳ ವಿಚಾರವೆತ್ತುವ ಈ ವೇದಿಕೆಯಲ್ಲಿ ಹೆರಿಗೆಯ ಮಾತಾಡಿದರೆ ಹಿಂದಿನ ಸಾಲಿನವರು ನಕ್ಕಾರು. ನಗಲಿ. 8 ವರ್ಷ ಹುಡುಗರಿಗೆ ಮಗ್ಗಿ ಕಲಿಸಿದವನು ನಾನು. ನಗುವವರಿಗೆ ಪಾಠ ಹೇಳಿ ಅಭ್ಯಾಸವಿದೆ.

ನಮ್ಮ ಅತ್ತಿಗೆ ಸ್ಪಿನ್ನಿಂಗ್ ಖಾತೆಯಲ್ಲಿ ದುಡಿದವರು. ಚೊಚ್ಚಲ ಹೆರಿಗೆಯಲ್ಲಿ ಬಹಳ ಹರಿದು ಹೊಲಿಗೆ ಬಿತ್ತು. ಆಮೇಲೆ ಕೆಮ್ಮಿದರೆ, ಸೀನಿದರೆ, ಕೊಡ ಎತ್ತಿದರೆ ಸೀರೆ ಒದ್ದೆ. ಮದುವೆ ಮುಂಜಿಗೆ ಹೋಗುವುದನ್ನು ಬಿಟ್ಟರು. ಬಸ್ಸು ಹತ್ತುವುದನ್ನು ಬಿಟ್ಟರು. ಕಡೆಗೆ ಕೆಲಸವನ್ನೂ ಬಿಟ್ಟರು. ಮನೆಯವರು ಸೋಮಾರಿತನವೆಂದರು, ನಾನೂ ಅಂದವನೇ. 12 ವರ್ಷದ ಮೇಲೆ ನನ್ನ ಹೆಂಡತಿಯ ಮುಂದೆ ಬಾಯಿಬಿಟ್ಟರು. "ಹೆತ್ತವಳಿಗೆ ಇದೆಲ್ಲ ಇದ್ದದ್ದೇ" ಎಂದು ಅವರ ತಾಯಿ ಹೇಳಿದ್ದರಂತೆ.

ಇದ್ದದ್ದೇ ಎಂಬುದು ಸುಳ್ಳು. ಸೊಂಟದ ಮೂಳೆಗಳ ನಡುವೆ, ತಳದಲ್ಲಿ, ಸ್ನಾಯುಗಳದೊಂದು ಜೋಳಿಗೆಯಿದೆ. ಮೂತ್ರಕೋಶ, ಗರ್ಭಕೋಶ, ಮಲದ ಕರುಳು ಮೂರಕ್ಕೂ ಅದೇ ಆಸರೆ. ಬಸುರಿನ ಭಾರ ಹೊತ್ತು ಅದು ಸಡಿಲಾಗುತ್ತದೆ. ಮಗು ಹೊರಬರುವಾಗ ಹಿಗ್ಗುತ್ತದೆ, ಕೆಲವೊಮ್ಮೆ ಹರಿಯುತ್ತದೆ. ತೋಳು ತೊಡೆಗಳಂತೆ ಇದನ್ನೂ ಪಳಗಿಸಬಹುದು. ಅಮೆರಿಕದ ಡಾಕ್ಟರ್ ಆರ್ನಾಲ್ಡ್ ಕೆಗೆಲ್ 1948ರಲ್ಲಿ ಇದರ ವ್ಯಾಯಾಮವನ್ನು ಕುರಿತು ಬರೆದರು. ಖರ್ಚು ಒಂದು ಕಾಸಿಲ್ಲ. ಮೂತ್ರವನ್ನೂ ವಾಯುವನ್ನೂ ತಡೆಯುವಾಗ ಹೇಗೆ ಬಿಗಿಯುತ್ತೇವೆಯೋ ಹಾಗೆ ಒಳಕ್ಕೆಳೆದು, ಉಸಿರು ಕಟ್ಟದೆ, ಕೆಲವು ಸೆಕೆಂಡು ಹಿಡಿದು ಬಿಡುವುದು. ಸಲಕ್ಕೆ 8 ಬಾರಿ, ದಿನಕ್ಕೆ 3 ಸಲ, ಕಡಿಮೆಯೆಂದರೆ 3 ತಿಂಗಳು. ಮೂತ್ರ ಮಾಡುತ್ತಿರುವಾಗ ನಡುವೆ ನಿಲ್ಲಿಸಿ ಅಭ್ಯಾಸ ಮಾಡಬಾರದು. ಬಸುರಿನಲ್ಲೇ ಶುರುಮಾಡಿದವರಿಗೆ ಹೆತ್ತ ಮೇಲೆ ಸೋರುವ ಸಂಭವ ಕಡಿಮೆ. ಈಗಾಗಲೇ ಸೋರುತ್ತಿರುವವರಿಗೂ ಇದು ಫಲ ಕೊಡುತ್ತದೆ.

ಹರಿಯುವುದನ್ನು ತಡೆಯಲು ಉಪಾಯ ಬೇರೆ. ಎಣ್ಣೆ ನೀವುವುದು ನಮ್ಮ ಅಜ್ಜಿಯರಿಗೆ ಹೊಸತಲ್ಲ; ಆದರೆ ಅವರು ನೀವುತ್ತಿದ್ದುದು ಹೆತ್ತ ಮೇಲೆ, ಮೈಗೆ. ಇದು ಹೆರುವುದಕ್ಕೆ ಮುಂಚೆ, ಜನನಮಾರ್ಗಕ್ಕೂ ಗುದದ್ವಾರಕ್ಕೂ ನಡುವಣ ಜಾಗಕ್ಕೆ. ಸುಮಾರು 35ನೆಯ ವಾರದಿಂದ, ಉಗುರು ಕತ್ತರಿಸಿ, ಕೈ ತೊಳೆದು, ವಾರಕ್ಕೆ ಒಂದೆರಡು ಸಲ ಐದು ನಿಮಿಷ ಮೆಲ್ಲನೆ ನೀವಿ ಹಿಗ್ಗಿಸುವುದು. ಪವಾಡವೇನಲ್ಲ. ಚೊಚ್ಚಲ ಹೆರಿಗೆಯವರು 15 ಮಂದಿ ಮಾಡಿಕೊಂಡರೆ ಒಬ್ಬಳಿಗೆ ಹೊಲಿಗೆ ತಪ್ಪುತ್ತದೆಂದು ಪರೀಕ್ಷಿಸಿದವರ ಲೆಕ್ಕ. ರಕ್ತ ಕಾಣಿಸುತ್ತಿದ್ದರೆ, ಮಾಸು ಗರ್ಭದ ಬಾಯಿಗೆ ಅಡ್ಡವಾಗಿದ್ದರೆ, ಸೋಂಕಿದ್ದರೆ ಕೂಡದು. ಡಾಕ್ಟರನ್ನೋ ಫಿಸಿಯೋಥೆರಪಿಯವರನ್ನೋ ಕೇಳಿಯೇ ಮಾಡಬೇಕು. ಹೆರಿಗೆಯ ಹೊತ್ತಿನಲ್ಲಿ ಅದೇ ಜಾಗಕ್ಕೆ ಬಿಸಿನೀರಿನ ಬಟ್ಟೆ ಒತ್ತುವುದು ಒಳ್ಳೆಯದೆಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೇಳಿತು. ಎಲ್ಲರಿಗೂ ವಾಡಿಕೆಯಾಗಿ ಕತ್ತರಿ ಹಾಕುವುದು ಬೇಡವೆಂದೂ ಹೇಳಿತು.

ಇನ್ನು ಗಂಡಸರಿಗೆ. ಪಾಳಿಯುದ್ದಕ್ಕೂ ಯಂತ್ರದ ಮುಂದೆ ನಿಂತು ಬಂದು, ನೀರು ಹೊತ್ತು, ರೊಟ್ಟಿ ಬಡಿಯುವ ಬಸುರಿಗೆ ಐದು ನಿಮಿಷ ಎಲ್ಲಿಂದ ಬರಬೇಕು? ಕೊಡವನ್ನು ನೀವು ಎತ್ತಿ, ಸಿಗುತ್ತದೆ. ಅಂಗಡಿಯ ಯಜಮಾನರೂ ಇಲ್ಲಿದ್ದೀರಿ. ನಿಮ್ಮಲ್ಲಿ ದಿನವೆಲ್ಲ ನಿಂತು ಸಾಮಾನು ಕಟ್ಟುವ ಹೆಣ್ಣುಮಗಳು ಬಸುರಿಯಾದರೆ ಒಂದು ಸ್ಟೂಲು ಹಾಕಿಕೊಡಿ.

ಗಿರಣಿಯ ಮಾತಿಗೆ ಬಂದರೆ ಕಾನೂನೇ ಇದೆ. ಹೆರಿಗೆಗೆ ಮುಂಚಿನ 6 ವಾರ, ಅದಕ್ಕೂ ಹಿಂದಿನ ಒಂದು ತಿಂಗಳು. ಆ ತಿಂಗಳಿನಲ್ಲಿ ಗರ್ಭಿಣಿ ಕೇಳಿಕೊಂಡರೆ ಹೆಚ್ಚು ಶ್ರಮದ ಕೆಲಸವನ್ನಾಗಲಿ ಬಹಳ ಹೊತ್ತು ನಿಲ್ಲುವ ಕೆಲಸವನ್ನಾಗಲಿ ಹಚ್ಚಕೂಡದೆಂದು 1961ರ ಹೆರಿಗೆ ಸೌಲಭ್ಯ ಕಾಯ್ದೆ ಬರೆಯಿತು. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಆ ಮಾತು ಉಳಿದಿದೆ. "ಕೇಳಿಕೊಂಡರೆ" ಎಂಬ ಪದವನ್ನು ಗಮನಿಸಿ. ಕೇಳದವಳಿಗೆ ಮಾಲಿಕ ತಾನಾಗಿ ಕೊಡುವನೇ? 2017ರಲ್ಲಿ ಸಂಬಳದ ರಜೆ 12 ವಾರದಿಂದ 26ಕ್ಕೇರಿತು, ಮೊದಲೆರಡು ಮಕ್ಕಳಿಗೆ. ಅದರಲ್ಲಿ 8 ವಾರದವರೆಗೆ ಹೆರಿಗೆಗೆ ಮೊದಲೇ ಪಡೆಯಬಹುದು. ಎಣ್ಣೆ ನೀವುವ ಕಾಲವೂ ಸರಿಸುಮಾರು ಅದೇ.

ಪ್ರತಿ ತಿಂಗಳು 9ನೆಯ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ 2016ರಿಂದ ನಡೆದುಬಂದಿದೆ. ಅಂದು ಹೋದಾಗ "ಈ ವ್ಯಾಯಾಮ ತೋರಿಸಿಕೊಡಿ" ಎಂದು ನಾಚದೆ ಕೇಳಿ. ಕೂತು ಮಾಡುವ ಕೆಲಸಕ್ಕೆ ಅರ್ಜಿ ಹಾಕಬೇಕಾದವರು ಸಂಜೆ 6ರ ಮೇಲೆ ಸಂಘದ ಕಚೇರಿಗೆ ಬನ್ನಿ. ಬರೆದುಕೊಡಲು ನಾನಿರುತ್ತೇನೆ, ಹೆಣ್ಣುಮಕ್ಕಳೊಡನೆ ಮಾತಾಡಲು ನನ್ನ ಹೆಂಡತಿ ಇರುತ್ತಾಳೆ. ಅತ್ತಿಗೆಯೂ ಬರುತ್ತೇನೆಂದಿದ್ದಾರೆ.