ವಾಯಿದೆ ಮತ್ತು ಕಂತು



ಹವಾಮಾನ ಬದಲಾವಣೆ ಕುರಿತು ಜಗತ್ತಿಗೆ ಕೊಟ್ಟ ಮಾತನ್ನು ದೇಶಗಳು ಹೇಗೆ ಉಳಿಸಿಕೊಳ್ಳಬೇಕು ಎಂಬುದು ಈ ಎರಡು ದಿನಗಳ ವಿಚಾರ ಸಂಕಿರಣದ ಪ್ರಶ್ನೆ. ಇದನ್ನು ಯೋಚಿಸುವಾಗಲೆಲ್ಲ ನಮ್ಮ ಹಳ್ಳಿಗಳ ಸಾಲದ ವ್ಯವಹಾರದ ಎರಡು ಪದಗಳು ನನಗೆ ನೆನಪಾಗುತ್ತವೆ. ಸಾಲ ತೀರಿಸಲು ಕೇಳಿಕೊಂಡ ಅವಧಿ ವಾಯಿದೆ. ಆ ಅವಧಿಯೊಳಗೆ ಹೊತ್ತು ಹೊತ್ತಿಗೆ ಕಟ್ಟಬೇಕಾದದ್ದು ಕಂತು. ಕಂತು ಕಟ್ಟದೆ ವಾಯಿದೆಯನ್ನಷ್ಟೇ ಹೇಳುತ್ತಾ ಬರುವವರನ್ನು ನಮ್ಮ ಜನ ನಂಬುವುದಿಲ್ಲ. ಬ್ರಿಟನ್ 2050 ಎಂದಿದೆ, ಚೀನಾ 2060 ಎಂದಿದೆ, ಭಾರತ 2070 ಎಂದಿದೆ. ಹೊರಬಿಟ್ಟಷ್ಟೇ ಇಂಗಾಲವನ್ನು ಹೀರಿಸುವ ನಿವ್ವಳ ಶೂನ್ಯಕ್ಕೆ ಇವು ವಾಯಿದೆಗಳು. ಕಂತು ಎಷ್ಟು, ಯಾರು ಕಟ್ಟಬೇಕು, ತಪ್ಪಿದರೆ ಕೇಳುವವರು ಯಾರು? ನನ್ನ ಮಾತೆಲ್ಲ ಇದರ ಸುತ್ತಲೇ ಇದೆ.

2015ರ ಡಿಸೆಂಬರ್ 12ರಂದು ಅಂಗೀಕಾರವಾದ ಪ್ಯಾರಿಸ್ ಒಪ್ಪಂದವನ್ನು ಕಾನೂನು ವಿದ್ಯಾರ್ಥಿಗಳು ಒಮ್ಮೆ ನಿಧಾನವಾಗಿ ಓದಬೇಕು. ಪ್ರತಿ ದೇಶವೂ ತನ್ನ ಗುರಿಯನ್ನು ತಾನೇ ಬರೆದುಕೊಡಬೇಕು, ಐದು ವರ್ಷಕ್ಕೊಮ್ಮೆ ಅದನ್ನು ಹೊಸದಾಗಿ ಸಲ್ಲಿಸಬೇಕು, ಅದಕ್ಕಾಗಿ ದೇಶದೊಳಗೆ ಕ್ರಮಗಳನ್ನು ಕೈಗೊಳ್ಳಬೇಕು, ಲೆಕ್ಕ ಒಪ್ಪಿಸಬೇಕು. ಗುರಿ ಮುಟ್ಟದಿದ್ದರೆ ದಂಡವಿಲ್ಲ. ಇದನ್ನು ಹಲವರು ದೊಡ್ಡ ಕೊರತೆ ಎನ್ನುತ್ತಾರೆ. ಆದರೆ ಇದಕ್ಕೂ ಮೊದಲಿನ 1997ರ ಕ್ಯೋಟೊ ಒಪ್ಪಂದದಲ್ಲಿ ಶ್ರೀಮಂತ ದೇಶಗಳ ಗುರಿಗಳಿಗೆ ಕಾನೂನಿನ ಕಟ್ಟುಪಾಡು ಇತ್ತಲ್ಲ? 1990ಕ್ಕಿಂತ ಶೇ. 6ರಷ್ಟು ಕಡಿಮೆ ಮಾಡುತ್ತೇನೆ ಎಂದಿದ್ದ ಕೆನಡಾ, ಅದು ಆಗುವುದಿಲ್ಲವೆಂದು ಖಚಿತವಾದಾಗ 2011ರ ಡಿಸೆಂಬರಿನಲ್ಲಿ ಒಪ್ಪಂದದಿಂದಲೇ ಹೊರನಡೆಯುವುದಾಗಿ ಘೋಷಿಸಿತು. ಅಮೆರಿಕ ಅದನ್ನು ಅನುಮೋದಿಸಲೇ ಇಲ್ಲ. ಹೊರಗಿನ ಕಟ್ಟುಪಾಡನ್ನು ನೆಚ್ಚಿ ಕೂರುವಂತಿಲ್ಲ ಎಂದು ಅಂದೇ ಗೊತ್ತಾಯಿತು.

ಓಝೋನ್ ಪದರವನ್ನು ಕಾಯುವ 1987ರ ಮಾಂಟ್ರಿಯಲ್ ಒಪ್ಪಂದ ಗೆದ್ದಿತಲ್ಲ ಎಂದು ನೀವು ಕೇಳಬಹುದು. ನಿಜ, ಗೆದ್ದಿತು. ಅಲ್ಲಿ ನಿಲ್ಲಿಸಬೇಕಾದ ರಾಸಾಯನಿಕಗಳು ಕೆಲವೇ, ತಯಾರಕರೂ ಕೆಲವರೇ, ಬದಲಿ ವಸ್ತು ಬೇಗ ಸಿಕ್ಕಿತು, ಬಡ ದೇಶಗಳ ಖರ್ಚಿಗೆ ಒಂದು ನಿಧಿಯೂ ಇತ್ತು. ಇಂಗಾಲ ಹಾಗಲ್ಲ. ಅದು ಸಿಮೆಂಟಿನಲ್ಲಿದೆ, ಉಕ್ಕಿನಲ್ಲಿದೆ, ಬಸ್ಸಿನಲ್ಲಿದೆ, ಬೋರ್‌ವೆಲ್ಲಿನಿಂದ ಮೇಲೆ ಬರುವ ನೀರಿನಲ್ಲೂ ಇದೆ. ಇಷ್ಟು ಕಡೆ ಹರಡಿರುವುದನ್ನು ದೇಶದೊಳಗಿನ ಆಡಳಿತವೇ ಹಿಡಿಯಬೇಕು.

ಇಂಗಾಲದ ಕಡಿತವನ್ನು ಕಂತಿನ ರೂಪಕ್ಕೆ ತಂದ ದೇಶ ಬ್ರಿಟನ್. 2008ರಲ್ಲಿ ಅಲ್ಲಿನ ಪಾರ್ಲಿಮೆಂಟು ಹವಾಮಾನ ಬದಲಾವಣೆ ಕಾಯ್ದೆಯನ್ನು ಮಾಡಿತು. 2050ಕ್ಕೆ ಶೇ. 80 ಕಡಿತ ಎಂಬ ಗುರಿಯನ್ನು 2019ರಲ್ಲಿ ನಿವ್ವಳ ಶೂನ್ಯಕ್ಕೆ ಏರಿಸಿತು. ನನಗೆ ಮುಖ್ಯವೆನಿಸುವುದು ಅದರ ಒಳಗಿನ ಏರ್ಪಾಡು. ಐದೈದು ವರ್ಷಕ್ಕೆ ಇಷ್ಟೇ ಇಂಗಾಲ ಎಂದು ಮಿತಿ ಹಾಕುವ ‘ಇಂಗಾಲದ ಬಜೆಟ್’ ಅಲ್ಲಿದೆ. ಅದನ್ನು ಸುಮಾರು 12 ವರ್ಷ ಮುಂಚಿತವಾಗಿಯೇ ನಿಗದಿ ಮಾಡಬೇಕು. ಅಂದರೆ ಇಂದಿನ ಸರ್ಕಾರ ಮುಂದಿನ ಸರ್ಕಾರದ ಕಂತನ್ನೂ ಬರೆದಿಡುತ್ತದೆ. ಸ್ವತಂತ್ರವಾದ ಹವಾಮಾನ ಬದಲಾವಣೆ ಸಮಿತಿ ಪ್ರತಿವರ್ಷ ಪಾರ್ಲಿಮೆಂಟಿಗೆ ವರದಿ ಕೊಡುತ್ತದೆ, ಸರ್ಕಾರ ಅದಕ್ಕೆ ಉತ್ತರ ಹೇಳಲೇಬೇಕು. 2022ರ ಜುಲೈನಲ್ಲಿ ಪರಿಸರ ಸಂಘಟನೆಗಳು ನ್ಯಾಯಾಲಯಕ್ಕೆ ಹೋದಾಗ ಹೈಕೋರ್ಟು ಸರ್ಕಾರದ ನಿವ್ವಳ ಶೂನ್ಯ ಯೋಜನೆ ಕಾನೂನುಬದ್ಧವಲ್ಲ ಎಂದು ತೀರ್ಪಿತ್ತಿತು. ಯಾವ ನೀತಿಯಿಂದ ಎಷ್ಟು ಕಡಿತ ಎಂಬ ಲೆಕ್ಕ ಮಂತ್ರಿಯ ಮುಂದೆ ಸರಿಯಾಗಿ ಇರಲಿಲ್ಲ ಎಂಬುದು ಅದಕ್ಕಿದ್ದ ದೊಡ್ಡ ಕಾರಣ. ತಿದ್ದಿದ ಯೋಜನೆಯೂ 2024ರ ಮೇ ತಿಂಗಳಲ್ಲಿ ಮತ್ತೆ ಬಿದ್ದುಹೋಯಿತು. ಕೂಡುವ ಕಳೆಯುವ ಲೆಕ್ಕಕ್ಕಾಗಿ ಸರ್ಕಾರವೊಂದು ಎರಡು ಸಲ ಕಟಕಟೆಯಲ್ಲಿ ನಿಲ್ಲಬೇಕಾಯಿತು.

ಇದರ ಫಲವೂ ಕಣ್ಣ ಮುಂದಿದೆ. 2012ರಲ್ಲಿ ಬ್ರಿಟನ್ನಿನ ವಿದ್ಯುತ್ತಿನಲ್ಲಿ ಕಲ್ಲಿದ್ದಲಿನ ಪಾಲು ಶೇ. 40ರ ಹತ್ತಿರ ಇತ್ತು. 2024ರ ಸೆಪ್ಟೆಂಬರ್ 30ರಂದು ರ‍್ಯಾಟ್‌ಕ್ಲಿಫ್ ಎಂಬ ಕೊನೆಯ ಕಲ್ಲಿದ್ದಲು ಸ್ಥಾವರ ಮುಚ್ಚಿ ಅದು ಶೂನ್ಯವಾಯಿತು. ಆದರೆ ಒಂದು ಮಾತು ಸೇರಿಸಬೇಕು. ಆ ದೇಶ ಆಮದು ಮಾಡಿಕೊಳ್ಳುವ ಉಕ್ಕು, ಬಟ್ಟೆ, ಯಂತ್ರಗಳ ಹೊಗೆ ಅದರ ಅಧಿಕೃತ ಗುರಿಯ ಲೆಕ್ಕದಲ್ಲಿ ಬರುವುದಿಲ್ಲ. ಅದು ತಯಾರಿಸಿದ ದೇಶದ ಖಾತೆಗೆ ಹೋಗುತ್ತದೆ. ಈ ಲೆಕ್ಕದ ನ್ಯಾಯ ಅನ್ಯಾಯವನ್ನು ಅರ್ಥಶಾಸ್ತ್ರದ ಗೋಷ್ಠಿ ಎತ್ತಿಕೊಳ್ಳಲಿ ಎಂದು ಕೇಳಿಕೊಳ್ಳುತ್ತೇನೆ.

ಇನ್ನು ನಮ್ಮ ದೇಶ. 2022ರ ಆಗಸ್ಟಿನಲ್ಲಿ ಭಾರತ ತಿದ್ದಿ ಸಲ್ಲಿಸಿದ ಗುರಿಗಳಂತೆ 2030ರ ಹೊತ್ತಿಗೆ ಜಿಡಿಪಿಯ ಪ್ರತಿ ರೂಪಾಯಿಗೆ ಹೊರಬೀಳುವ ಇಂಗಾಲ 2005ಕ್ಕಿಂತ ಶೇ. 45ರಷ್ಟು ತಗ್ಗಬೇಕು, ವಿದ್ಯುತ್ ಸ್ಥಾವರಗಳ ಒಟ್ಟು ಸಾಮರ್ಥ್ಯದಲ್ಲಿ ಅರ್ಧ ಕಲ್ಲಿದ್ದಲು, ತೈಲ, ಅನಿಲಗಳನ್ನು ಸುಡದ ಮೂಲಗಳಿಂದ ಇರಬೇಕು. ಈ ಎರಡನೆಯದು 2025ರಲ್ಲೇ, ಐದು ವರ್ಷ ಮೊದಲೇ ಕೈಗೂಡಿತು. ಹೆಮ್ಮೆಪಡಬೇಕಾದ ಸಂಗತಿ. ತಲಾವಾರು ಲೆಕ್ಕದಲ್ಲಿ ಜಗತ್ತಿನ ಸರಾಸರಿಯ ಅರ್ಧದಷ್ಟೂ ಹೊಗೆಯುಗುಳದ ದೇಶ ಇದನ್ನು ಮಾಡಿದೆ. ಆದರೆ ಸಾಮರ್ಥ್ಯ ಬೇರೆ, ಉತ್ಪಾದನೆ ಬೇರೆ ಎಂಬುದು ಇಲ್ಲಿರುವ ಎಂಜಿನಿಯರುಗಳಿಗೆ ಗೊತ್ತು. ಸೌರಫಲಕ ಸಂಜೆ ಏಳಕ್ಕೆ ಸುಮ್ಮನಾಗುತ್ತದೆ, ಮನೆಮನೆಯ ದೀಪ ಹೊತ್ತುವುದು ಆಗಲೇ. ಇವತ್ತಿಗೂ ನಾವು ಬಳಸುವ ಹತ್ತು ಯೂನಿಟ್ಟಿನಲ್ಲಿ ಏಳರ ಆಸುಪಾಸು ಕಲ್ಲಿದ್ದಲಿನದು. ಸುಲಭದ ಕಂತು ಕಟ್ಟಿದ್ದೇವೆ, ಕಷ್ಟದ್ದು ಮುಂದಿದೆ.

ಆ ಕಷ್ಟದ ಕಂತನ್ನು ಕಟ್ಟಬೇಕಾದವು ಹೆಚ್ಚಾಗಿ ರಾಜ್ಯಗಳು. ಮಾತು ಕೊಡುವುದು ದೆಹಲಿ. ಆದರೆ ಜಮೀನು, ನೀರು, ಕೃಷಿ ರಾಜ್ಯದ ಕೈಯಲ್ಲಿವೆ, ವಿದ್ಯುತ್ತು ಇಬ್ಬರದೂ ಹೌದು. ಬ್ರಿಟನ್ನಿನ ಕಾಯ್ದೆಯಂಥ ಒಂದು ಸಮಗ್ರ ಕಾನೂನು ನಮ್ಮಲ್ಲಿಲ್ಲ. ಹವಾಮಾನ ಬದಲಾವಣೆಯ ದುಷ್ಪರಿಣಾಮಗಳಿಂದ ಮುಕ್ತರಾಗಿರುವ ಹಕ್ಕು ಸಂವಿಧಾನದ 14 ಮತ್ತು 21ನೇ ವಿಧಿಗಳಲ್ಲೇ ಇದೆ ಎಂದು ಸುಪ್ರೀಂ ಕೋರ್ಟು 2024ರ ಮಾರ್ಚಿನಲ್ಲಿ ಹೇಳಿದೆ. ಹಕ್ಕು ಬಂತು, ವರ್ಷ ವರ್ಷ ಲೆಕ್ಕ ಕೇಳುವ ವ್ಯವಸ್ಥೆ ಇನ್ನೂ ಬರಬೇಕು. ಪ್ರತಿ ರಾಜ್ಯದ ಬಜೆಟ್ಟಿನಲ್ಲೂ ಹಣದ ಅಂಕಣದ ಪಕ್ಕ ಇಂಗಾಲದ ಅಂಕಣವೊಂದು ಇರಬೇಕು, ಶಾಸನಸಭೆ ಅದರ ಮೇಲೆ ಚರ್ಚೆ ಮಾಡಬೇಕು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಕರ್ನಾಟಕದ ಒಂದು ಕಣಿವೆಯನ್ನು ನೋಡಿ. ಶರಾವತಿಯಲ್ಲಿ ತಳಕಳಲೆ ಮತ್ತು ಗೇರುಸೊಪ್ಪ ಜಲಾಶಯಗಳ ನಡುವೆ 2,000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆಯ ಪ್ರಸ್ತಾವ ಇದೆ. ವಿದ್ಯುತ್ತು ಹೆಚ್ಚಿರುವಾಗ ನೀರನ್ನು ಮೇಲಕ್ಕೆತ್ತಿ, ಬೇಡಿಕೆ ಏರಿದಾಗ ಕೆಳಕ್ಕೆ ಬಿಟ್ಟು ವಿದ್ಯುತ್ತು ತೆಗೆಯುವ ಉಪಾಯ. ಈಗ ಹೇಳಿದ ಸಂಜೆ ಏಳರ ಸಮಸ್ಯೆಗೆ ಇದು ನೇರ ಉತ್ತರ. ಆದರೆ ಅದು ಸಿಂಗಳೀಕಗಳ ಅಭಯಾರಣ್ಯ. ಭಾರತದ ಅದೇ ಬದ್ಧತೆಗಳಲ್ಲಿ ಕಾಡು ಬೆಳೆಸಿ 250ರಿಂದ 300 ಕೋಟಿ ಟನ್ ಇಂಗಾಲದ ಡೈಆಕ್ಸೈಡ್ ಹೀರಿಸುತ್ತೇವೆ ಎಂಬ ಮಾತೂ ಇದೆ. ಒಂದೇ ಕಾಗದದ ಎರಡು ಸಾಲುಗಳು ಒಂದೇ ಕಣಿವೆಯಲ್ಲಿ ಡಿಕ್ಕಿ ಹೊಡೆಯುತ್ತಿವೆ. ನನ್ನ ನಿಲುವನ್ನು ಮುಚ್ಚಿಡುವುದಿಲ್ಲ. ನೀರೆತ್ತಲು ಬೇರೆ ಜಾಗ, ವಿದ್ಯುತ್ತು ಕೂಡಿಡಲು ಬ್ಯಾಟರಿ, ಪಂಪ್‌ಸೆಟ್‌ಗಳಿಗೆ ಹಗಲಲ್ಲೇ ತ್ರೀಫೇಸ್ ಕರೆಂಟು, ಇವೆಲ್ಲವನ್ನೂ ಪ್ರಾಮಾಣಿಕವಾಗಿ ತೂಗಿ ನೋಡುವ ಮೊದಲು ಆ ಕಾಡಿಗೆ ಕೈ ಹಾಕಬಾರದು. ಕಡಿದ ಮಳೆಕಾಡನ್ನು ಯಾವ ಕಂತಿನಲ್ಲೂ ಮರಳಿ ಕಟ್ಟಲಾಗದು.

ಹಗಲು ಕರೆಂಟಿನ ಮಾತು ಸಣ್ಣದಲ್ಲ. ಕೃಷಿ ಪಂಪ್‌ಸೆಟ್‌ಗಳನ್ನು ಬಿಸಿಲಿರುವಾಗಲೇ ಓಡಿಸಿದಷ್ಟೂ ಕೂಡಿಡಬೇಕಾದ ವಿದ್ಯುತ್ತು ಕಡಿಮೆಯಾಗುತ್ತದೆ. ಹಾವು, ಚೇಳಿನ ಭಯದಲ್ಲಿ ಟಾರ್ಚು ಹಿಡಿದು ಅಪರಾತ್ರಿ ನೀರು ಕಟ್ಟಲು ಹೋಗುವ ರೈತನಿಗೂ ನೆಮ್ಮದಿ.

ಹಣದ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. 2020ರ ಹೊತ್ತಿಗೆ ಅಭಿವೃದ್ಧಿಶೀಲ ದೇಶಗಳ ಹವಾಮಾನ ಕ್ರಮಗಳಿಗೆ ವರ್ಷಕ್ಕೆ 10,000 ಕೋಟಿ ಡಾಲರ್ ಕೊಡುತ್ತೇವೆಂದು ಶ್ರೀಮಂತ ದೇಶಗಳು 2009ರಲ್ಲಿ ಕೋಪನ್‌ಹೇಗನ್ನಿನಲ್ಲಿ ಹೇಳಿದವು. ಅವರದೇ ಲೆಕ್ಕದಂತೆ ಅದು ಈಡೇರಿದ್ದು 2022ರಲ್ಲಿ, ಅದರಲ್ಲೂ ಬಹುಪಾಲು ಸಾಲ. 2024ರಲ್ಲಿ ಬಾಕುವಿನಲ್ಲಿ ಒಪ್ಪಿಕೊಂಡದ್ದು 2035ರ ಹೊತ್ತಿಗೆ ವರ್ಷಕ್ಕೆ 30,000 ಕೋಟಿ ಡಾಲರ್. ಈ ಬಾಕಿಯನ್ನು ನಾವು ಗಟ್ಟಿ ದನಿಯಲ್ಲೇ ಕೇಳಬೇಕು.

ಕೊನೆಯದಾಗಿ, ಪಾವಗಡ. ಅಲ್ಲಿನ 2,050 ಮೆಗಾವಾಟ್‌ನ ಸೌರ ಉದ್ಯಾನಕ್ಕೆ ಸುಮಾರು 13,000 ಎಕರೆಯನ್ನು ರೈತರಿಂದ ಕೊಳ್ಳದೆ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ, ಕಾಲಕಾಲಕ್ಕೆ ಏರುವ ಗುತ್ತಿಗೆಗೆ ಪಡೆದರು. ಮಳೆಯನ್ನು ನಂಬಲಾಗದ ಆ ಸೀಮೆಯಲ್ಲಿ ಜಮೀನು ಕಳೆದುಕೊಳ್ಳದೆಯೇ ರೈತರಿಗೆ ಆದಾಯ ಬಂತು. ನಾನು ಮೆಚ್ಚಿಕೊಂಡ ಏರ್ಪಾಡು ಇದು. ಆದರೆ ಗುತ್ತಿಗೆ ಹಣ ಬಂದದ್ದು ಜಮೀನಿದ್ದವರಿಗೆ. ಅದೇ ಹೊಲಗಳಲ್ಲಿ ಕಡಲೆಕಾಯಿ ಕೀಳುತ್ತಿದ್ದ ಕೂಲಿಯವರಿಗೆ, ಬೀಳುಭೂಮಿಯಲ್ಲಿ ಕುರಿ ಮೇಯಿಸುತ್ತಿದ್ದವರಿಗೆ ಬೇಲಿ ಬಿತ್ತು. ನಾಳೆ ರಾಯಚೂರಿನ ಶಕ್ತಿನಗರದಲ್ಲಿ ಕಲ್ಲಿದ್ದಲು ವಿದ್ಯುತ್ ಸ್ಥಾವರ ನಿಂತಾಗ ಅಲ್ಲಿನ ಗುತ್ತಿಗೆ ಕಾರ್ಮಿಕರು ಏನು ಮಾಡಬೇಕು ಎಂಬುದೂ ಇದೇ ಪ್ರಶ್ನೆ. ಈ ಮಧ್ಯಾಹ್ನದ ಗೋಷ್ಠಿಯಲ್ಲಿ ಪ್ರಬಂಧ ಮಂಡಿಸಲಿರುವವರಲ್ಲಿ ಒಂದು ವಿನಂತಿ. ಮೆಗಾವಾಟು, ಟನ್ನುಗಳ ನಿಮ್ಮ ಕೋಷ್ಟಕಗಳಲ್ಲಿ ಇವರಿಗೊಂದು ಸಾಲು ತೆಗೆದಿಡಿ. ಆ ಸಾಲಿನಲ್ಲಿ ಏನು ತುಂಬಬೇಕು ಎಂಬುದನ್ನು ನಾಳೆ ಸಂಜೆಯೊಳಗೆ ಎಲ್ಲರೂ ಕೂತು ಮಾತಾಡೋಣ.