ಮನೆಗೊಂದು ಹಿಪ್ಪುನೇರಳೆ ಹಣ್ಣಿನ ಮರ
(ಬೆಳ್ಳಿಹಬ್ಬದ ರೈತಗೋಷ್ಠಿಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಬೆಳ್ಳಿಹಬ್ಬದ ದಿನ ಹಾಲು, ಸಾಲ, ಬೋನಸ್ಸಿನ ಬಗ್ಗೆ ಮಾತಾಡುವವರು ಬಹಳ ಜನ ಇದ್ದಾರೆ. ನಾವು ಒಂದು ಸಣ್ಣ ವಿಷಯ ಹೇಳುತ್ತೇವೆ, ಹಿಪ್ಪುನೇರಳೆ ಹಣ್ಣಿನದು. ಹೊಲದ ತುಂಬ ಕಡ್ಡಿ ಇದೆ, ಇನ್ನೇನು ಹೇಳೋದು ಅಂತ ನಗಬೇಡಿ. ನಮಗೆ ಸೊಪ್ಪು ಗೊತ್ತು, ಹಣ್ಣು ಗೊತ್ತಿಲ್ಲ.

2014ರ ಬೇಸಿಗೆಯಲ್ಲಿ ಎಲೆ ಸುತ್ತುವ ಹುಳುವಿಗೆ ಅಂತ ತೋಟಕ್ಕೆ ಡೈಕ್ಲೋರ್‌ವಾಸ್ ಹೊಡೆದಿದ್ದೆವು. ಕಟಾವು ತಡವಾಗಿ ಗಿಡದಲ್ಲಿ ಹಣ್ಣು ಕಪ್ಪಾಗಿತ್ತು. ಮಾರನೆಯ ದಿನ ನಮ್ಮ ಮನೆ ಹುಡುಗ ಜೇಬು ತುಂಬ ಕಿತ್ತು ತಿಂದ. ಸಂಜೆ ಹೊತ್ತಿಗೆ ವಾಂತಿ, ಜೊಲ್ಲು, ಮೈಯೆಲ್ಲಾ ಬೆವರು. ಆಸ್ಪತ್ರೆಗೆ ಹೊತ್ತುಕೊಂಡು ಓಡಿದೆವು. ದೇವರ ದಯೆ, ಉಳಿದ. ತಪ್ಪು ಮಗುವಿನದಲ್ಲ, ನಮ್ಮದು. ಹೊಡೆದವರು ನಾವು, ಮನೆಯಲ್ಲಿ ಒಂದು ಮಾತು ಹೇಳಲಿಲ್ಲ. ಆ ಔಷಧಿಯನ್ನು ಸರ್ಕಾರ 2020ರ ಕೊನೆಗೆ ನಿಷೇಧಿಸಿತು. ಆದರೆ ಬೇರೆ ಔಷಧಿ ಅಂಗಡಿಯಲ್ಲಿ ಇದ್ದೇ ಇವೆ. ಮಕ್ಕಳಿಗೆ ತಿನ್ನಬೇಡಿ ಅಂದರೆ ಕೇಳ್ತಾರೆಯೇ? ಅದಕ್ಕೇ ಔಷಧಿ ಸೋಕದ ಜಾಗದಲ್ಲಿ, ಮನೆ ಹತ್ತಿರ, ಅವರಿಗೆಂದೇ ಒಂದು ಮರ ಬೇಕು ಅಂತ ಅವತ್ತು ತೀರ್ಮಾನ ಮಾಡಿದೆವು.

ಮೊದಲು ತಳಿ. ಕಣ್ವ ಫಾರಂನಿಂದ ಬಂದ ಎಂ-5 ಆಗಲಿ, ಮೈಸೂರಿನ ಕೇಂದ್ರ ರೇಷ್ಮೆ ಸಂಶೋಧನಾ ಸಂಸ್ಥೆಯ ವಿ-1 ಆಗಲಿ, ಸೊಪ್ಪಿಗಾಗಿ ಆರಿಸಿದವು. ಹಣ್ಣಿಗೆ ಬೇರೆಯೇ ಹುಡುಕಬೇಕು. ನಮ್ಮ ಹಳೇ ನಾಟಿಯದು ಸಣ್ಣ ಕಪ್ಪು ಹಣ್ಣು, ಹುಳಿ ಸಿಹಿ. ನರ್ಸರಿಗಳಲ್ಲಿ ಸಿಗುವ ಉದ್ದ ಜಾತಿಯದು ಬೆರಳುದ್ದ ಬರುತ್ತದೆ. ಅದರಲ್ಲಿ ಕೆಲವು ಹಣ್ಣಾದರೂ ಹಸಿರು ಬಿಳುಪಾಗೇ ಇರುತ್ತವೆ, ತಿಂದರೆ ಬರೀ ಸಿಹಿ. ಇದು ಕಡ್ಡಿಯಿಂದ ಬೇರು ಬಿಡುವುದು ಕಷ್ಟ, ಕಸಿ ಗಿಡವನ್ನೇ ತನ್ನಿ. ಚಳಿ ದೇಶದ ಕರಿ ಹಿಪ್ಪುನೇರಳೆ ಅಂತ ಯಾರಾದರೂ ಮಾರಲು ಬಂದರೆ ಮೋಸ ಹೋಗಬೇಡಿ, ಅದು ನಮ್ಮ ಬಯಲು ಸೀಮೆಗೆ ಒಗ್ಗುವುದಿಲ್ಲ.

ನಾಟಿ ಮರವಾದರೆ ಹಣ್ಣಿನ ಕಾಲದಲ್ಲೇ ಹೋಗಿ ತಿಂದು ನೋಡಿ, ರುಚಿ ಒಪ್ಪಿದ ಮರಕ್ಕೆ ಗುರುತು ಮಾಡಿ. ಬೀಜದಿಂದ ಎಬ್ಬಿಸಬೇಡಿ. ಹಿಪ್ಪುನೇರಳೆಯಲ್ಲಿ ಗಂಡು ಹೆಣ್ಣು ಬೇರೆ ಬೇರೆ ಗಿಡ ಇರುವುದುಂಟು. ಮೂರು ವರ್ಷ ನೀರು ಹೊಯ್ದ ಮೇಲೆ ಗಂಡು ಅಂತ ಗೊತ್ತಾದರೆ ಏನು ಮಾಡೋದು? ಪೆನ್ಸಿಲ್ ದಪ್ಪದ, ಬಲಿತ, ಮೂರು ನಾಲ್ಕು ಕಣ್ಣಿನ ಕಡ್ಡಿ ಸಾಕು. ಒಂದು ಕಣ್ಣು ಮೇಲೆ ಬಿಟ್ಟು ಓರೆಯಾಗಿ ನೆಡಿ. ತಾಯಿ ಮರದ ಹಣ್ಣೇ ಬರುತ್ತದೆ.

ಜಾಗ ಬಿಸಿಲು ಬೀಳುವಂತಿರಲಿ, ನೀರು ನಿಲ್ಲಬಾರದು. ಸುತ್ತ 15 ಅಡಿ ಬಿಡಿ. ಅಂಗಳಕ್ಕೂ ಬಟ್ಟೆ ಒಣಹಾಕುವ ಜಾಗಕ್ಕೂ ದೂರ ಇರಲಿ, ಕಪ್ಪು ಹಣ್ಣಿನ ಕರೆ ಹೋಗುವುದಿಲ್ಲ, ಆಮೇಲೆ ಮನೆಯವರ ಬೈಗುಳ ನಿಮಗೇ! ಔಷಧಿ ಹೊಡೆಯುವ ತೋಟದ ಗಾಳಿ ಬಡಿಯುವ ಕಡೆಯಂತೂ ಬೇಡವೇ ಬೇಡ.

ಹೂವು ಹೊಸ ಚಿಗುರಿನ ಜೊತೆಗೇ ಬರುತ್ತದೆ. ಆದ್ದರಿಂದ ವರ್ಷಕ್ಕೊಮ್ಮೆ ಹಣ್ಣು ಮುಗಿದ ಮೇಲೆ ಮರವನ್ನು ಆಳೆತ್ತರಕ್ಕೆ ಸವರಿ, ಕೊಟ್ಟಿಗೆ ಗೊಬ್ಬರ ಕೊಡಿ. ಸವರಿದ ಸೊಪ್ಪನ್ನು ಹಸುಗಳು ಚೆನ್ನಾಗಿ ತಿನ್ನುತ್ತವೆ. ಚಳಿಗಾಲದ ಕೊನೆಗೆ ಎಲೆ ಬಿಡಿಸಿ ನೀರು ಕೊಟ್ಟರೆ ಚಿಗುರಿನೊಂದಿಗೆ ಕಾಯಿ ಕಟ್ಟುತ್ತದೆ. ತುಕ್ರಾ ಬಂದು ಕುಡಿ ಮುರುಟಿದರೆ ಆ ಕುಡಿ ಚಿವುಟಿ ಸುಡಿ, ಔಷಧಿ ಮುಟ್ಟಬೇಡಿ.

ಕಪ್ಪು ಜಾತಿ ಪೂರ್ತಿ ಕಪ್ಪಾಗಿ ಕೈ ತಾಗಿದರೆ ಉದುರಬೇಕು. ಬಿಳಿ ಜಾತಿಗೆ ಬಣ್ಣ ನೋಡಿದರೆ ಆಗದು, ಮೆತ್ತಗಾದುದನ್ನು ಕೀಳಬೇಕು. ಈ ಹಣ್ಣು ಎರಡು ದಿನ ತಡೆಯುವುದಿಲ್ಲ, ಪೇಟೆಗೆ ಹೋಗುವ ಮಾಲಲ್ಲ. ಆದ್ದರಿಂದಲೇ ಇದು ಮನೆ ಹಣ್ಣು, ಮಕ್ಕಳ ಹಣ್ಣು. ಉಳಿದರೆ ಸಕ್ಕರೆ ಹಾಕಿ ಕುದಿಸಿ ಜಾಮ್ ಮಾಡಿ.

ನಮ್ಮ ಮರದಲ್ಲಿ ಕಡ್ಡಿ ಇದೆ. ಸವರುವ ದಿನ ಸಂಘದ ಬೋರ್ಡಿನಲ್ಲಿ ಬರೆಸುತ್ತೇವೆ, ಬಂದು ತೆಗೆದುಕೊಂಡು ಹೋಗಿ, ದುಡ್ಡು ಬೇಡ. ಆದರೆ ಒಂದು ಮಾತು ಕೊಡಿ. ತೋಟಕ್ಕೆ ಔಷಧಿ ಹೊಡೆದ ದಿನ ಮನೆಗೆ ಹೋಗಿ ಮೊದಲು ಮಕ್ಕಳನ್ನು ಕೂರಿಸಿ ಹೇಳಿ.